ಹನ್ನೆರಡನೇ ಬಾಟಲಿಯ ಷರಾ

ಮಾನ್ಯ ಓದುಗರಲ್ಲಿ ಮೊದಲಿಗೇ ಒಂದು ವಿನಂತಿ. ನನ್ನ ಕೈಬರಹ ಈಗ ಮೊದಲಿನಂತಿಲ್ಲ. ಕಾಗುಣಿತದಲ್ಲಿಯೂ ಒತ್ತಕ್ಷರಗಳು ಆಗಾಗ ಬಿಟ್ಟುಹೋಗುತ್ತವೆ. ಇದುವರೆಗೆ ನಾನು ಬರೆದಿರುವುದೆಲ್ಲ ಅರ್ಜಿಗಳು, ಹಾಜರಿ ಪುಸ್ತಕ ಮತ್ತು ಕಾಫಿ ಬೀಜ ಹದಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋಗುತ್ತಿದ್ದ ಪತ್ರಗಳು ಮಾತ್ರ. ಆದುದರಿಂದ ಸದರಿ ಬರಹದಲ್ಲಿ ಕಚೇರಿಯ ವಾಸನೆ ಬಂದಲ್ಲಿ ದಯವಿಟ್ಟು ಮನ್ನಿಸಬೇಕಾಗಿ ಕೋರುತ್ತೇನೆ.

ಬರೆಯಲು ಕೂತ ಕಾರಣವನ್ನೂ ಇಲ್ಲಿಯೇ ನಿವೇದಿಸುವುದು ಉಚಿತ. ಇಂದು ಬೆಳಿಗ್ಗೆ ಮನೆಯ ಮುಂದಿನ ವಿದ್ಯುತ್ ಕಂಬವನ್ನು ಸರಿಸಿಕೊಡಬೇಕೆಂದು ಅರ್ಜಿ ಬರೆಯುತ್ತಿದ್ದೆ. ಎದುರಿಗೆ ನನ್ನ ಹೆಂಡತಿ ಚಿತ್ರಾನ್ನಕ್ಕೆಂದು ಕಂಚಿಕಾಯಿ ಹೆಚ್ಚುತ್ತಿದ್ದಳು. ಸಿಪ್ಪೆಗೆ ಚಾಕು ತಾಗಿದೊಡನೆ ಅದರ ಎಣ್ಣೆ ಚಿಮ್ಮಿ, ನಾನು ದುಂಡಗೆ ಬರೆದಿದ್ದ ‘ಮಾನ್ಯರೇ’ ಎಂಬ ಪದದ ಮೇಲೆ ಬಿತ್ತು. “ಇನ್ನೊಂದು ಹಾಳೆ ತಗೊಳ್ಳಿ ಮಾರಾಯ್ರೇ, ಅದನ್ನೆಂತ ಮೂಸ್ತಾ ಕೂತಿದೀರಿ?” ಎಂದಳು ಅವಳು. ಉತ್ತರ ಉದ್ದವಿತ್ತು. ಅವಳಿಗೆ ಒಲೆಯ ಮೇಲೆ ಅನ್ನವಿತ್ತು. ಹಾಗಾಗಿ ಆ ಉತ್ತರವನ್ನು ತಮಗೆ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಭಾಗದಲ್ಲಿ ನಾನು ಗೋಣಿಬೀಡಿನ ಸಮೀಪದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಅಂದರೆ ಆಳುಗಳ ಹಾಜರಿ, ಮಳೆಯ ಅಳತೆ, ಪತ್ರವ್ಯವಹಾರ ಇವೆಲ್ಲ ನನ್ನವು. ತೋಟದ ಯಜಮಾನರ ಪತ್ನಿ ಸಾವಿತ್ರಮ್ಮನವರು ಮೂಡಿಗೆರೆಯ ಮಹಿಳೆಯರ ಒಂದು ಸಂಘಕ್ಕೆ ಅಧ್ಯಕ್ಷೆಯಾಗಿದ್ದರು. ಕಾಫಿ ಕೊಯ್ಲು ಮುಗಿದ ಮೇಲೆ, ಮಳೆಗಾಲಕ್ಕೆ ಮೊದಲು, ಆ ಸಂಘದಲ್ಲಿ ಮನೆಯಲ್ಲೇ ತಯಾರಿಸಿದ ವೈನುಗಳ ಸ್ಪರ್ಧೆ ನಡೆಯುತ್ತಿತ್ತು. ಮೂರೆಕರೆಯವರು, ಮುನ್ನೂರೆಕರೆಯವರು ಎಂಬ ಭೇದ ಅಲ್ಲಿರಲಿಲ್ಲ. ಒಂದು ಭರಣಿ, ತೋಟದಲ್ಲಿ ಸಿಕ್ಕ ಹಣ್ಣು, ಸಕ್ಕರೆ, ಒಂದು ಹಿಡಿ ಗೋಧಿ ಮತ್ತು ತಾಳ್ಮೆ ಇದ್ದರೆ ಯಾರು ಬೇಕಾದರೂ ಭಾಗವಹಿಸಬಹುದಿತ್ತು.

ಒಂದು ದಿನ ಸಾವಿತ್ರಮ್ಮನವರು ಕಚೇರಿಯ ಬಾಗಿಲಲ್ಲಿ ನಿಂತು, “ರೈಟ್ರೇ, ಈ ವರ್ಷ ನೀವೇ ಜಡ್ಜು” ಎಂದರು.

“ಅಮ್ಮಾ, ನಾನು ಜನ್ಮದಲ್ಲಿ ಕುಡಿದವನಲ್ಲ.”

“ಅದಕ್ಕೇ ನೀವು. ಹೋದ್ವರ್ಷ ಕುಡಿಯೋ ಗಂಡಸ್ರನ್ನ ಕೂರ್ಸಿದ್ವಿ. ಒಬ್ಬೊಬ್ರೂ ಅವ್ರವ್ರ ಮನೆ ವೈನನ್ನ ವಾಸನೇಲೇ ಗುರುತು ಹಿಡಿದು ಹತ್ತಕ್ಕೆ ಹತ್ತು ಹಾಕಿದ್ರು. ಅಕ್ಕತಂಗೀರು ಇಬ್ರು ಇವತ್ತಿಗೂ ಮಾತಾಡಲ್ಲ.”

ಆದೇಶವನ್ನು ಮೀರುವ ಅಭ್ಯಾಸ ನನಗಿರಲಿಲ್ಲ. ಎರಡು ದಿನ ಕೂತು ಸ್ಕೇಲಿನಿಂದ ಗೆರೆ ಎಳೆದು ತಖ್ತೆ ತಯಾರಿಸಿದೆ. ಕ್ರಮ ಸಂಖ್ಯೆ, ಬಣ್ಣ, ಪರಿಮಳ, ರುಚಿ, ಅಂಕ, ಷರಾ. ಷರಾಕ್ಕೆಂದು ಹೆಚ್ಚು ಅಗಲದ ಕಾಲಂ ಬಿಟ್ಟೆ. ನಾನು ಕೊಟ್ಟ ಅಂಕವನ್ನು ಯಾರಾದರೂ ಪ್ರಶ್ನಿಸಿದರೆ ಕಾರಣ ಬರವಣಿಗೆಯಲ್ಲಿರಬೇಕಲ್ಲವೇ?

ಸ್ಪರ್ಧೆಯ ದಿನ ಮಧ್ಯಾಹ್ನ ಸಂಘದ ಸಭಾಂಗಣದಲ್ಲಿ ಹದಿನಾಲ್ಕು ಬಾಟಲಿಗಳು ಹೆಸರಿಲ್ಲದೆ, ಸಂಖ್ಯೆಯ ಚೀಟಿ ಅಂಟಿಸಿಕೊಂಡು ಮೇಜಿನ ಮೇಲೆ ನಿಂತಿದ್ದವು. ಬದಿಯಲ್ಲಿ ಒಂದು ನೀಲಿ ಬಕೆಟ್ಟು. “ಬಾಯಲ್ಲಿ ಆಡಿಸಿ ಇದಕ್ಕೆ ಉಗಿಬೇಕು. ನುಂಗಬಾರ್ದು” ಎಂದು ಸಾವಿತ್ರಮ್ಮನವರು ಸ್ಪಷ್ಟವಾಗಿ ತಿಳಿಸಿದ್ದರು. ಇದನ್ನು ಅವರ ಪರವಾಗಿ ಇಲ್ಲಿ ದಾಖಲಿಸುತ್ತಿದ್ದೇನೆ.

ಬಾಟಲಿ ತಂದ ಹೆಂಗಸರು ಗೋಡೆಯ ಬದಿಯ ಬೆಂಚಿನಲ್ಲಿ ಕೂತು ಮಾತಾಡುತ್ತಿದ್ದರು. ಅವರಲ್ಲಿ ದೇವರಮನೆ ಊರಿನ ಕಡೆಯ ಲೀಲಮ್ಮ ಎಂಬವರ ದನಿ ಎಲ್ಲರಿಗಿಂತ ಜೋರು. ಎರಡೂವರೆ ಎಕರೆ ತೋಟದ ಮನೆ ಅವರದು.

“ನಮ್ಮತ್ತೆ ಈ ಸಲ ಕಡೇ ನೋಟೀಸು ಕೊಟ್ಟಿದಾರೆ ಕಣ್ರೇ. ಮೂರು ವರ್ಷದಿಂದ ಅವ್ರ ದೊಡ್ಡ ಭರಣೀನ ನಾನು ಇಟ್ಕೊಂಡಿದೀನಿ. ಇವತ್ತು ನಂಬರ್ ಬರದಿದ್ರೆ ಭರಣಿ ಮಿಡಿ ಉಪ್ಪಿನಕಾಯಿಗೆ ವಾಪಸ್ಸು. ಆಮೇಲೆ ವೈನೂ ಇಲ್ಲ, ಎಂತದೂ ಇಲ್ಲ.”

“ಮಿಡೀನೂ ಒಳ್ಳೇದೇ ಅಲ್ವಾ ಲೀಲಾ?” ಎಂದು ಯಾರೋ ಕೆಣಕಿದರು.

“ಮಿಡಿ ಅವ್ರದ್ದು. ವೈನು ನಂದು” ಎಂದರು ಲೀಲಮ್ಮ. ಆ ಮಾತಿಗೆ ಮಾತ್ರ ಅವರು ನಗಲಿಲ್ಲ.

ಮೊದಲನೇ ಬಾಟಲಿ ದ್ರಾಕ್ಷಿಯದು. ಬಾಯಿಗೆ ಹಾಕಿ ಆಡಿಸಿದೆ. ಬಕೆಟ್ಟಿನ ಕಡೆ ಬಾಗಿದೆ. ಆಗ ಬೆಂಚಿನಲ್ಲಿ ಒಬ್ಬ ಹೆಂಗಸು ಕುತ್ತಿಗೆ ಮುಂದೆ ಚಾಚಿ ನನ್ನ ಬಾಯನ್ನೇ ನೋಡುತ್ತಿರುವುದು ಕಂಡಿತು. ಚೀಟಿಯಲ್ಲಿ ಹೆಸರಿಲ್ಲದಿದ್ದರೇನು, ಬಾಟಲಿ ಅವರದೇ ಎಂದು ಮುಖವೇ ಹೇಳುತ್ತಿತ್ತು. ಒಬ್ಬರು ಮನೆಯಲ್ಲಿ ತಿಂಗಳುಗಟ್ಟಲೆ ಕಾಪಾಡಿ ತಂದುಕೊಟ್ಟಿದ್ದನ್ನು ಅವರ ಕಣ್ಣೆದುರೇ ಉಗಿಯುವುದು ಹೇಗೆ? ನನ್ನ ತಾಯಿ ಅಂಥ ಶಿಕ್ಷಣ ಕೊಟ್ಟಿರಲಿಲ್ಲ. ನುಂಗಿದೆ. ಒಬ್ಬರದನ್ನು ನುಂಗಿ ಇನ್ನೊಬ್ಬರದನ್ನು ಉಗಿದರೆ ಪಕ್ಷಪಾತವಾಗುತ್ತದೆ. ಆದುದರಿಂದ ನಿಯಮಾನುಸಾರ ಎಲ್ಲವನ್ನೂ ನುಂಗಿದೆ. ಕೆಲವನ್ನು, ನ್ಯಾಯ ಖಚಿತವಾಗಲೆಂದು, ಎರಡೆರಡು ಸಲ.

ಏಳನೆಯದರ ಹೊತ್ತಿಗೆ ಗೆರೆಗಳು ನಾನು ಎಳೆದಷ್ಟು ನೇರವಾಗಿಲ್ಲವೆಂದು ಅನುಮಾನ ಬಂತು. ಹನ್ನೊಂದನೆಯದು ಪಾಕದಂಥ ಅನಾನಸ್. ಅದರ ಬೆನ್ನಿಗೇ ಹನ್ನೆರಡನೆಯದು ಬಾಯಿಗೆ ಬಿದ್ದಿತು. ಕಹಿ! ಬಾಯಿ ಮುಚ್ಚುವ ಮೊದಲೇ ಪೆನ್ನು ಓಡಿತು. ಹದಿನಾಲ್ಕನೆಯ ನೇರಳೆ ವೈನಿಗೆ ಬರುವಾಗ ಇಡೀ ಮನುಕುಲದ ಮೇಲೆ ನನಗೆ ಪ್ರೀತಿ ಉಕ್ಕಿತ್ತು. ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟು ಕೆಳಗೆ ಎರಡು ಗೆರೆ ಎಳೆದೆ.

ಸಾವಿತ್ರಮ್ಮನವರು ತಖ್ತೆಯನ್ನು ಗಟ್ಟಿಯಾಗಿ ಓದಿದರು. “ಹನ್ನೆರಡು. ಕಹಿ. ಇದನ್ನು ವೈನೆಂದು ಪರಿಗಣಿಸಲು ಬರುವುದಿಲ್ಲ. ಕಷಾಯವೆಂದು ಭಾವಿಸಿ ಕೈಬಿಡಲಾಗಿದೆ.” ಸಭಾಂಗಣವೆಲ್ಲ ನಕ್ಕಿತು. ಲೀಲಮ್ಮನೂ ನಕ್ಕರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು. ಹದಿನಾಲ್ಕನೆಯ ಬಾಟಲಿ ಸ್ವತಃ ಸಾವಿತ್ರಮ್ಮನವರದಾಗಿತ್ತು. ಅವರು ಬೆಳ್ಳಿ ತಟ್ಟೆಯನ್ನು ಎದೆಗೊತ್ತಿಕೊಂಡು ಫೋಟೋ ತೆಗೆಸಿಕೊಂಡರು.

ನನ್ನನ್ನೂ ಬಾಟಲಿಗಳನ್ನೂ ಜೀಪಿನಲ್ಲಿ ಹಿಂದಕ್ಕೆ ತಂದವರು ತೋಟದ ಮೆಕ್ಯಾನಿಕ್ ಇಬ್ರಾಹಿಂ ಸಾಹೇಬರು. “ನಾನು ಕುಡಿಯೋನಲ್ಲ ರೈಟ್ರೇ, ಆದ್ರೆ ಕುಡ್ದೋರನ್ನ ಸಾಗ್ಸಿ ಅಭ್ಯಾಸ ಇದೆ” ಎಂದರು.

“ನಾನು ಕುಡಿದಿಲ್ಲ. ತೀರ್ಪು ಕೊಟ್ಟಿದೀನಿ” ಎಂದೆನಂತೆ ನಾನು.

ಮಾರನೇ ಬೆಳಿಗ್ಗೆ ಬಾಟಲಿಗಳನ್ನು ತೊಳೆಸಿ ಮನೆಮನೆಗೆ ಹಿಂದಿರುಗಿಸಬೇಕಿತ್ತು. ಸ್ಪರ್ಧೆ ಮುಗಿದ ಮೇಲೆ ಬಂದವರು ಎಲ್ಲವನ್ನೂ ಬರಿದು ಮಾಡಿದ್ದರು. ಹನ್ನೆರಡನೆಯದನ್ನು ಮಾತ್ರ, ನನ್ನ ಷರಾ ಕೇಳಿದ ಮೇಲೆ, ಯಾರೂ ಮುಟ್ಟಿರಲಿಲ್ಲ. ಚೆಲ್ಲಲು ಬಿರಡೆ ತೆಗೆದೆ. ಕಂಚಿಯ ಪರಿಮಳ ಕಚೇರಿಯನ್ನೆಲ್ಲ ತುಂಬಿತು. ಪರಿಶೀಲನೆಗೆಂದು ಒಂದು ಚಮಚ ಬಾಯಿಗಿಟ್ಟುಕೊಂಡೆ. ಕಹಿ ಇದ್ದದ್ದು ನಿಜ. ಆದರೆ ಹಾಗಲಕಾಯಿಯ ಕಹಿಯಲ್ಲ. ಕಿತ್ತಳೆ ಸುಲಿದ ಬೆರಳನ್ನು ಕಚ್ಚಿಕೊಂಡಂಥ ಕಹಿ. ಅದು ನಿಧಾನವಾಗಿ ಸರಿದು ಹಿಂದಿನಿಂದ ಹಣ್ಣು ಬಂತು. ನುಂಗಿ ಎಷ್ಟೋ ಹೊತ್ತಾದ ಮೇಲೂ ನಾಲಿಗೆಯ ಬುಡದಲ್ಲಿ ಬೆಳಗಿನ ತೋಟದಂಥದೊಂದು ತಂಪು ಕೂತಿತ್ತು. ಹಿಂದಿನ ದಿನದ ಹದಿಮೂರರಲ್ಲಿ ಒಂದರ ರುಚಿಯೂ ನನಗೆ ನೆನಪಿರಲಿಲ್ಲ.

ಆಮೇಲೆ ಹೆಸರಿನ ಪಟ್ಟಿ ತೆಗೆದು ನೋಡಿದೆ. ಹನ್ನೆರಡು: ಲೀಲಮ್ಮ, ದೇವರಮನೆ.

ಓದುಗರೇ, ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿರದಿದ್ದರೆ, ಕುಡಿಯದವನೆಂದು ಇಪ್ಪತ್ತು ವರ್ಷ ಉಳಿಸಿಕೊಂಡ ಹೆಸರು ಹೋಗುತ್ತಿತ್ತು. ಅನ್ನ ಕೊಟ್ಟ ಮನೆಯ ಅಮ್ಮಾವ್ರಿಗೆ, ನಿಮ್ಮ ಬಹುಮಾನ ಅಮಲಿನಲ್ಲಿ ಕೊಟ್ಟದ್ದು ಎಂದು ಹೇಳಬೇಕಾಗುತ್ತಿತ್ತು. ಆದರೆ ಅಲ್ಲೊಂದು ಮನೆಯಲ್ಲಿ ಅಷ್ಟು ಹೊತ್ತಿಗೆ ಭರಣಿ ತೊಳೆಯುತ್ತಿರಬಹುದು. ಹಾಳೆ ತೆಗೆದು ನನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಬರೆದೆ: ‘ವಿಷಯ: ಹನ್ನೆರಡನೇ ಬಾಟಲಿಯ ಷರಾವನ್ನು ರದ್ದುಪಡಿಸುವ ಬಗ್ಗೆ.’

ಸಾವಿತ್ರಮ್ಮನವರು ನಿಂತುಕೊಂಡೇ ಓದಿದರು. “ರೈಟ್ರೇ, ಹದಿನಾಲ್ಕೂ ನುಂಗಿದ್ರಾ?”

“ಹೌದಮ್ಮ. ಮಾಡಿದೋರೇ ಎದುರಿಗೆ ಕೂತಿದ್ರಲ್ಲ, ಉಗಿಯೋಕೆ ಬಾಯಿ ಬರ್ಲಿಲ್ಲ.”

“ಹಂಗಾದ್ರೆ ನನ್ನ ಹತ್ತಕ್ಕೆ ಹತ್ತು?”

“ಅದು… ಹದಿನಾಲ್ಕನೇದಾಗಿತ್ತಮ್ಮ.”

ಅವರು ಕಾಗದವನ್ನು ಮೊದಲಿನಿಂದ ಇನ್ನೊಮ್ಮೆ ಓದಿದರು. ಕೆಲಸ ಹೋಯಿತೆಂದೇ ನಾನು ತಿಳಿದೆ. “ತಟ್ಟೆ ನಾನು ವಾಪಸ್ ಕೊಡಲ್ಲ. ನಮ್ಮನೆಯೋರಿಗೆ ತೋರ್ಸಿ ಆಗಿದೆ” ಎಂದರು ಕೊನೆಗೆ. “ಆದ್ರೆ ಆ ಮಾತನ್ನ ಅಷ್ಟು ಜನರ ಎದುರಿಗೆ ಓದಿದ್ದು ನಾನು. ಈ ಕಾಗದ ನೀವು ಓದಿ. ಇಲ್ಲಲ್ಲ. ಅವ್ರ ಮನೇಲಿ, ಅವ್ರತ್ತೆ ಎದುರಿಗೆ. ಇಬ್ರಾಹಿಂಗೆ ಜೀಪು ತರೋಕೆ ಹೇಳ್ತೀನಿ.”

ನಾವು ಹೋದಾಗ ಭರಣಿ ಅಂಗಳದ ಬಿಸಿಲಲ್ಲಿ ಬೋರಲಾಗಿತ್ತು. ಲೀಲಮ್ಮನ ಅತ್ತೆ ಪುಟ್ಟಮ್ಮನವರು ಮೊರದ ತುಂಬ ಮಾವಿನ ಮಿಡಿ ಹರವಿಕೊಂಡು ತೊಟ್ಟು ನೋಡುತ್ತಿದ್ದರು. ಲೀಲಮ್ಮ ಬಾಗಿಲಲ್ಲಿ ನಿಂತರು. ಒಳಗೆ ಬನ್ನಿ ಎನ್ನಲಿಲ್ಲ. ನಾನು ಅಂಗಳದಲ್ಲೇ ನಿಂತು ಓದಿದೆ.

“‘ಹಿಂದಿನ ಷರಾ ಬರೆಯುವಾಗ ತೀರ್ಪುಗಾರನ ನಾಲಿಗೆ ಅವನ ಸ್ವಾಧೀನದಲ್ಲಿರಲಿಲ್ಲ. ಮೊದಲು ಕಹಿ, ನಂತರ ಹಣ್ಣು, ಕೊನೆಗೆ ಪರಿಮಳ. ಹದಿನಾಲ್ಕರಲ್ಲಿ ನೆನಪಿನಲ್ಲಿ ಉಳಿದದ್ದು ಇದೊಂದೇ. ಹತ್ತಕ್ಕೆ ಒಂಬತ್ತು ಅಂಕ.’”

ಪುಟ್ಟಮ್ಮನವರು ಮಿಡಿಯಿಂದ ತಲೆಯೆತ್ತಿದರು. “ಇನ್ನೊಂದು ಅಂಕ ಎಲ್ಲಿ ಹೋಯ್ತು?”

“ಸಕ್ಕರೆ… ಒಂಚೂರು ಕಡಿಮೆ ಆಗಿತ್ತಮ್ಮ.”

ಮುದುಕಿ ಸೊಸೆಯ ಕಡೆ ನೋಡಲಿಲ್ಲ. “ಸಕ್ಕರೆ ಡಬ್ಬ ನಾನೇ ಎತ್ತಿಟ್ಟಿದ್ದೆ” ಎಂದರು. ಆಮೇಲೆ ಮಿಡಿಗಳನ್ನು ಮೊರದ ಒಂದು ಬದಿಗೆ ತಳ್ಳುತ್ತ, “ಈ ವರ್ಷ ಕಾಯಿ ಕಡಿಮೆ. ಸಣ್ಣ ಭರಣಿ ಸಾಕು” ಎಂದರು. ಮೊರದಲ್ಲಿ ಕಾಯಿ ಕಡಿಮೆಯೇನೂ ಇರಲಿಲ್ಲ. ಇಬ್ರಾಹಿಂ ಸಾಹೇಬರು ಅದನ್ನು ನೋಡಿ ಏನೋ ಹೇಳಹೊರಟವರು, ನನ್ನ ಮುಖ ಕಂಡು ಜೀಪಿನ ಬಾನೆಟ್ ತೆಗೆದು ಅದರೊಳಗೆ ತಲೆ ಹಾಕಿದರು.

ಹೊರಡುವಾಗ ಲೀಲಮ್ಮ ಬೇಲಿಬಾಗಿಲ ಉಣುಗೋಲಿನವರೆಗೆ ಬಂದರು. “ನಿನ್ನೆ ತುಂಬಾ ಬೇಜಾರಾಯ್ತು ರೈಟ್ರೇ, ಸುಳ್ಳು ಹೇಳಲ್ಲ. ಬಸ್ಸಲ್ಲಿ ಕೂತು ಅತ್ತುಬಿಟ್ಟೆ” ಎಂದರು. “ಆದ್ರೆ ಬಂದ್ರಲ್ಲ.”

ಆ ವಾರ ಗೋಣಿಬೀಡಿನ ಅಂಗಡಿ ಕಟ್ಟೆಗಳಲ್ಲಿ ನನ್ನನ್ನು ಕುರಿತ ಹಾಸ್ಯಕ್ಕೆ ಬರವಿರಲಿಲ್ಲ. ಇಬ್ರಾಹಿಂ ಸಾಹೇಬರ ಬಾಯಲ್ಲಿ ಹದಿನಾಲ್ಕು ಲೋಟ ಹದಿನಾಲ್ಕು ಬಾಟಲಿಯಾಗಿತ್ತು. ಆಶ್ಚರ್ಯವೆಂದರೆ, ಹೆಸರು ಹೋದ ಮೇಲೆ ಜನ ನನ್ನನ್ನು ಕಟ್ಟೆಯ ಮೇಲೆ ತಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದರು. ಅದಕ್ಕೆ ಮೊದಲು ರೈಟರಿಗೆ ಕುರ್ಚಿ ತರಿಸುತ್ತಿದ್ದರು.

ಮಾರನೇ ವರ್ಷ ಸಾವಿತ್ರಮ್ಮನವರು ಲೀಲಮ್ಮನನ್ನು ನನ್ನ ಜೊತೆ ತೀರ್ಪುಗಾರರ ಮೇಜಿಗೆ ಕೂರಿಸಿದರು. ಲೀಲಮ್ಮನ ಬಾಟಲಿ ಸ್ಪರ್ಧೆಯ ಹೊರಗೆ, ಎಲ್ಲ ಮುಗಿದ ಮೇಲೆ ಎಲ್ಲರಿಗೂ ಎಂದು ತೀರ್ಮಾನವಾಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೂ ಎಷ್ಟೋ ವರ್ಷ ನಾವಿಬ್ಬರೂ ಹಾಗೆ ಕೂತೆವು. “ಬಾಯಿಗಿಟ್ಟ ತಕ್ಷಣ ಪೆನ್ನು ಮುಟ್ಬೇಡಿ. ರುಚಿ ಪೂರ್ತಿ ಹೋಗೋ ತನಕ ಕಾಯಿರಿ” ಎಂದು ಕಲಿಸಿದವರು ಅವರು. ಮೊದಲ ಸಲ, ಎದುರು ಬೆಂಚಿನ ಕಣ್ಣುಗಳನ್ನು ಕಂಡು ನಾನು ಬಾಯಿ ಉಬ್ಬಿಸಿಕೊಂಡು ಕೂತಿದ್ದಾಗ, ಬಕೆಟ್ಟನ್ನು ತಾವೇ ನನ್ನ ಮುಂದಕ್ಕೆ ಸರಿಸಿ, ಇಡೀ ಸಭೆಗೆ ಕೇಳುವಂತೆ, “ಉಗೀರಿ ರೈಟ್ರೇ, ಯಾರಿಗೂ ಎಂತ ಬೇಜಾರಿಲ್ಲ” ಎಂದರು. ನನ್ನ ಮರ್ಯಾದೆಯ ಭಾರವನ್ನು ಯಾರೂ ಅಷ್ಟು ಸುಲಭವಾಗಿ ಇಳಿಸಿದ್ದಿಲ್ಲ. ಈ ಋಣವನ್ನು ಅವರಿಗೆ ಎದುರಿಗೆ ಹೇಳಿರಲಿಲ್ಲ. ಈ ಮೂಲಕ ತಿಳಿಯಪಡಿಸುತ್ತಿದ್ದೇನೆ.

ಅಡುಗೆಯ ಹೊತ್ತು ಮುಗಿದಿದೆ. ಕಂಬದ ಅರ್ಜಿ ಹಾಗೆಯೇ ಉಳಿದಿದೆ. ಯಾರ ಆದೇಶವೂ ಇಲ್ಲದೆ, ಪ್ರತಿ ಇಟ್ಟುಕೊಳ್ಳದೆ ನಾನು ಬರೆದ ಮೊದಲ ಕಾಗದ ಇದು. ತಪ್ಪುಗಳು ಇದ್ದೇ ಇರುತ್ತವೆ. ಕಂಡವರು ದಾಕ್ಷಿಣ್ಯಕ್ಕೆಂದು ನುಂಗಿಕೊಳ್ಳದೆ, ನನ್ನ ಮುಖ ನೋಡದೆ ತಿದ್ದಿಕೊಡಬೇಕಾಗಿ ಪ್ರಾರ್ಥನೆ. ನನಗೇನೂ ಬೇಜಾರಿಲ್ಲ.