ಮೇಟ್ರನ್ ಏಳುವವರೆಗೆ

ಬ್ರಿಸ್ಬೇನಿನ ಸೇಂಟ್ ಕತ್ಬರ್ಟ್ಸ್ ಕಾಲೇಜಿನ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಕಳೆದವಳು ನಾನು. ಅದು ಪಾಠ ಹೇಳುವ ಕಾಲೇಜಲ್ಲ. ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗರು ಉಂಡು, ಮಲಗಿ, ಪ್ರಾರ್ಥನೆ ಮಾಡಿಕೊಂಡಿರಲಿ ಎಂದು ಆಂಗ್ಲಿಕನ್ ಬಿಷಪ್ಪರೊಬ್ಬರು ನದಿಯ ದಂಡೆಯಲ್ಲಿ ಕಟ್ಟಿಸಿದ್ದು. ಕಾಲೇಜಿನ ಚರಿತ್ರೆಯೆಂದು ಒಂದು ದಪ್ಪ ಪುಸ್ತಕವನ್ನೂ ಅಚ್ಚು ಹಾಕಿಸಿದ್ದಾರೆ. ಅದರಲ್ಲಿ ಬಿಷಪ್ಪರಿದ್ದಾರೆ, ವಾರ್ಡನ್ನರಿದ್ದಾರೆ, ದೋಣಿ ಪಂದ್ಯ ಗೆದ್ದವರಿದ್ದಾರೆ, ಒಬ್ಬ ವಾರ್ಡನ್ನರ ನಾಯಿಯೂ ಇದೆ. ಈನಿಡ್ ಪಾಸ್ಕೋ ಮಾತ್ರ ಇಲ್ಲ. ಅದಕ್ಕೇ ನಾನು ಹೇಳಬೇಕಾಗಿದೆ.

ಈನಿಡ್ ಅಲ್ಲಿಯ ಮೇಟ್ರನ್. ಗಂಡ ಎರಡನೇ ಮಹಾಯುದ್ಧದಲ್ಲಿ ನ್ಯೂಗಿನಿಯಲ್ಲಿ ಸತ್ತಿದ್ದ, ಮಕ್ಕಳಿರಲಿಲ್ಲ. ಯುದ್ಧ ಮುಗಿದ ಮರುವರ್ಷ ಸೂಟ್‌ಕೇಸ್ ಹಿಡಿದು ಬಂದವಳು ಕಾಯಿಲೆಯವರ ಕೋಣೆಯ ಪಕ್ಕದಲ್ಲೇ ಉಳಿದುಬಿಟ್ಟಳು. ಹುಡುಗರಿಗೆ ಜ್ವರ ಬಂದರೆ, ಆಟದಲ್ಲಿ ಕಾಲು ಮುರಿದರೆ, ಪರೀಕ್ಷೆಯ ಭಯಕ್ಕೆ ವಾಂತಿಯಾದರೆ ಅವಳೇ ಬೇಕು. ಜ್ವರದಲ್ಲಿ ಅವಳ ಕೈಹಿಡಿದು ಅಮ್ಮಾ ಎಂದು ನರಳಿದವನು ವಾಸಿಯಾದ ಮೇಲೆ ಎದುರು ಸಿಕ್ಕರೆ ಸುಮ್ಮನೆ ತಲೆಯಾಡಿಸಿ ಹೋಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೆ ಸಿಟ್ಟು ಅನ್ನುವುದೇ ಇರಲಿಲ್ಲ.

ರಾತ್ರಿಯೂಟಕ್ಕೆ ಭೋಜನಶಾಲೆಯಲ್ಲಿ ಹೆಂಗಸರು ಬಡಿಸಬಹುದಿತ್ತು, ಕೂರುವಂತಿರಲಿಲ್ಲ. ಹುಡುಗರೆಲ್ಲ ಕಪ್ಪು ಗೌನು ತೊಟ್ಟು ಬರಬೇಕು, ಲ್ಯಾಟಿನ್ ಪ್ರಾರ್ಥನೆಯಾಗಬೇಕು. ದೊಡ್ಡವರು ಕೂರುವ ಮೇಲಿನ ಮೇಜಿನಿಂದ ವಾರ್ಡನ್ ಏಳದೆ ಯಾರೂ ಏಳಕೂಡದು. ವಿಶೇಷ ಅತಿಥಿ ಬಂದ ದಿನ ಆ ಹಕ್ಕು ಅತಿಥಿಯದು. ಈನಿಡ್‌ಳ ಊಟ ಮಾತ್ರ ಒಂದು ಟ್ರೇಯಲ್ಲಿ ಅವಳ ಕೋಣೆಗೆ ಹೋಗುತ್ತಿತ್ತು. ಎಷ್ಟೋ ಸಲ ಅವಳೇ ಟ್ರೇ ಹಿಡಿದು ಬಂದು, ನಾವು ತಟ್ಟೆ ದಾಟಿಸುವ ಕಿಂಡಿಯ ಹಿಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು.

"ಆ ಗಲಾಟೆ ಕೇಳ್ತಾ ತಿಂದ್ರೆ ತುತ್ತು ಗಂಟಲಲ್ಲಿ ಇಳಿಯುತ್ತೆ ಕಣೇ ಡಲ್ಸಿ" ಎನ್ನುತ್ತಿದ್ದಳು.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಅವಳು ನಿವೃತ್ತಳಾಗಬೇಕಾಯಿತು. ಮರುವರ್ಷದಿಂದ ಹುಡುಗಿಯರನ್ನೂ ಸೇರಿಸಿಕೊಳ್ಳುವುದೆಂದು ಆಗಲೇ ತೀರ್ಮಾನವಾಗಿತ್ತು. ಉಡುಗೊರೆಗೆ ಗಡಿಯಾರ ಕೊಡೋಣವೇ ಎಂದು, ಪಾದ್ರಿಯೂ ಆಗಿದ್ದ ವಾರ್ಡನ್ ಗ್ರೀವ್ಸ್ ಕೇಳಿದರು.

"ಗಡಿಯಾರ ಬೇಡ. ಹೋಗೋ ಮುಂಚೆ ಒಂದು ಸಲ ಒಳಗೆ ಕೂತು ಎಲ್ಲರ ಜೊತೆ ಊಟ ಮಾಡ್ಬೇಕು, ಅಷ್ಟೇ" ಎಂದಳು. ಇಷ್ಟು ವರ್ಷಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಪರೀಕ್ಷೆ ಮುಗಿದ ಸಂಜೆ ಊಟ ಏರ್ಪಾಟಾಯಿತು. ಜಕರಂಡಾ ಹೂ ಅಂಗಳದ ತುಂಬ ಉದುರಿತ್ತು. ಕುರಿಮಾಂಸ ಸುಟ್ಟು, ಪುದೀನ ಚಟ್ನಿ ಮಾಡಿ, ಕೆನೆ ಮೆತ್ತಿದ ಪಾವ್ಲೋವಾ ಎಂಬ ಸಿಹಿತಿಂಡಿ ಜೋಡಿಸಿ ನಾನು ಕಿಂಡಿಗೆ ಕಣ್ಣಿಟ್ಟೆ. ಈನಿಡ್ ನೀಲಿ ಉಡುಪು ತೊಟ್ಟು, ಅಂದಿನ ವಿಶೇಷ ಅತಿಥಿಯಾಗಿ ವಾರ್ಡನ್ನರಿಗೂ ಬಿಷಪ್ಪರಿಗೂ ನಡುವೆ ಕೂತಿದ್ದಳು. ಅವರಿಬ್ಬರೂ ಚಾಪೆಲ್ ಸೂರಿನ ರಿಪೇರಿಯ ಬಗ್ಗೆ ಅವಳನ್ನು ದಾಟಿ ಮಾತಾಡಿಕೊಂಡರು. ಪಾವ್ಲೋವಾ ಖಾಲಿಯಾಯಿತು, ಕಾಫಿಯೂ ಮುಗಿಯಿತು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ವಾರ್ಡನ್ ನ್ಯಾಪ್‌ಕಿನ್ ಮಡಿಸಿಟ್ಟು ಅವಳ ಕಡೆ ನೋಡಿದರು. ಅವಳು ಏಳಲಿಲ್ಲ. ಹುಡುಗರು ಬೆಂಚಿನ ಕೆಳಗೆ ಕಾಲು ಉಜ್ಜತೊಡಗಿದರು.

"ಮಿಸೆಸ್ ಪಾಸ್ಕೋ, ನಿಮಗೆ ಬಹುಶಃ ಗೊತ್ತಿಲ್ಲ. ನೀವು ಎದ್ದರೇನೇ ಇವರು ಏಳೋದು" ಎಂದರು ವಾರ್ಡನ್.

"ಗೊತ್ತು ರೆವರೆಂಡ್" ಎಂದಳು ಈನಿಡ್. ಕೈ ಮಡಿಸಿಕೊಂಡು ಹಾಗೇ ಕೂತಳು.

ಕೆಳಗಿನ ಮೇಜಿನಿಂದ ಫಿಲ್ಬಿ ಎಂಬ ಅಧಿಕಪ್ರಸಂಗಿ ಕೂಗಿದ. "ಮೇಟ್ರನ್, ಪಬ್ ಮುಚ್ಚಿಬಿಡ್ತಾರೆ!"

"ನಿನ್ನ ಮಂಗನಬಾವು ಇಳಿಯೋವರೆಗೂ ನಾನು ಕಾದಿಲ್ವೇನೋ? ನೀನೂ ಒಂಚೂರು ಕೂರು."

ಭೋಜನಶಾಲೆಯೇ ಬಿದ್ದುಬಿದ್ದು ನಕ್ಕಿತು. ಆಗ ಇನ್ನೊಬ್ಬ ತನ್ನ ಮುರಿದ ಕಾಲಿನ ಕಥೆ ತೆಗೆದ, ಮತ್ತೊಬ್ಬ ಅವಳು ಕುಡಿಸಿದ ಹರಳೆಣ್ಣೆಯ ಕಥೆ ಹೇಳಿದ. ಅವಳು ಒಬ್ಬೊಬ್ಬರಿಗೂ ತಿರುಗಿ ಉತ್ತರ ಕೊಟ್ಟಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ನನಗೆ ಖುಷಿಯಾಯಿತು. ಸ್ವಲ್ಪ ಹೊತ್ತಿಗೆ ಕಥೆಗಳು ಮುಗಿದವು. ಒಬ್ಬ ಹುಡುಗ ಬಾಗಿಲ ಕಡೆ ನೋಡಿದ, ಅದು ಅವಳ ಕಣ್ಣಿಗೆ ಬಿತ್ತು. ನ್ಯಾಪ್‌ಕಿನ್ ಕೆಳಗಿಟ್ಟು ಎದ್ದಳು. ಬೆಂಚುಗಳು ಸದ್ದು ಮಾಡಿದವು, ಎಲ್ಲರೂ ಎದ್ದು ನಿಂತರು, ಅವಳು ಎಲ್ಲರಿಗಿಂತ ಮೊದಲು ಮುಂಬಾಗಿಲಿನಿಂದ ಹೊರಗೆ ಹೋದಳು.

ಹುಡುಗರು ಪಬ್ಬಿಗೆ ಓಡಿದರು. ವಾರ್ಡನ್ ಬಿಷಪ್ಪರನ್ನು ಕಾರು ಹತ್ತಿಸಲು ಹೋದರು. ನಾನು ಪಾತ್ರೆ ತೊಳೆಯುತ್ತ ಕಿಟಕಿಯಲ್ಲಿ ಇಣುಕಿದರೆ, ಅವಳು ಹೂ ಬಿದ್ದ ಹುಲ್ಲಿನ ಮೇಲೆ ಒಬ್ಬಳೇ ನಿಂತಿದ್ದಳು. ಕೈ ಒರೆಸಿಕೊಳ್ಳುತ್ತ ಓಡಿದೆ.

"ವಾರ್ಡನ್ ಮುಖ ಇಂಗು ತಿಂದ ಮಂಗನ ಹಾಗಿತ್ತಲ್ಲೇ!" ಎಂದೆ.

ನಕ್ಕಳು. ಬೆಳಗಾದರೆ ಸಮುದ್ರದ ಕಡೆ ಯಾವುದೋ ಬಾಡಿಗೆ ಕೋಣೆಗೆ ಹೋಗುವವಳಿದ್ದಳು.

"ಮಾಂಸ ಚೆನ್ನಾಗಿತ್ತು ಡಲ್ಸಿ" ಎಂದಳು. ಆಮೇಲೆ, "ನಾಳೆಯಿಂದ ಊಟದ ಮುಂದೆ ನಾನು ಬೆಳಗಿನವರೆಗೂ ಕೂತಿದ್ರೂ, ಇವಳು ಯಾವಾಗ ಏಳ್ತಾಳಪ್ಪ ಅಂತ ಕಾಯೋರು ಒಬ್ರೂ ಇರಲ್ಲ, ಅಲ್ವೇನೇ?"