ಕಮಲನಗರದ ಸೊನ್ನೆ ಟಿಕೆಟ್ಟು

ಹೆಂಡತಿಯ ಕೈಚೀಲ ತೆರೆದು ನೋಡುವ ಚಟ ನನಗೆ ಯಾವಾಗ ಅಂಟಿಕೊಂಡಿತೆಂದು ಸರಿಯಾಗಿ ಹೇಳಲಾರೆ. ಕೊರೊನಾ ಮುಗಿದು ಶಾಲೆಗಳು ಬಾಗಿಲು ತೆರೆದ ಮೇಲೆ ಎಂಬುದಷ್ಟೇ ಖಾತ್ರಿ. ಆಗ ನಾನು ಭಾಲ್ಕಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ಬೀದರಿನ ಹಳೆಯ ಊರಿನ ಒಂದು ಗಲ್ಲಿಯಲ್ಲಿ, ಬಾಡಿಗೆಯದು. ಲಾಕ್‌ಡೌನಿನಲ್ಲಿ ಶಾಲೆಯವರು ಮೊದಲು ಅರ್ಧ ಪಗಾರ ಕೊಟ್ಟರು, ಆಮೇಲೆ ಅದೂ ನಿಂತಿತು. ಮನೆಯಲ್ಲಿ ಕೂತು ಕೂತು ನಾನು ಫೋನಿನಲ್ಲಿ ದುಡ್ಡಿನ ಪಾಠ ಹೇಳುವವರ ವಿಡಿಯೋ ನೋಡಲು ಶುರು ಮಾಡಿದೆ. ಖರ್ಚು ಅರ್ಧಕ್ಕೆ ಇಳಿಸಿ, ಉಳಿದದ್ದನ್ನು ಕೂಡಿಡಿ, ಹತ್ತು ವರ್ಷದ ಮೇಲೆ ಯಾವ ಮಾಲೀಕನ ಹಂಗೂ ಬೇಡ ಎನ್ನುತ್ತಿದ್ದರು. ಗಣಿತದ ಮಾಸ್ತರನಿಗೆ ಅದು ಲೆಕ್ಕ ಬಿಡಿಸಿಟ್ಟಷ್ಟು ಸ್ಪಷ್ಟವಾಗಿ ಕಂಡಿತು.

ಶಾಲೆ ತೆರೆದು ಪಗಾರ ಮತ್ತೆ ಬರತೊಡಗಿದ ಮೇಲೆ ಮನೆಗೆ ನಿಯಮ ಮಾಡಿದೆ. ಹೊರಗೆ ಚಹಾ ಇಲ್ಲ, ಆಟೋ ಇಲ್ಲ, ಸ್ಕೂಟರಿಗೆ ಪೆಟ್ರೋಲು ಇಲ್ಲ. ಸಿಲಿಂಡರು ಎರಡು ತಿಂಗಳು ಬರಬೇಕು. ಸ್ನಾನದ ನೀರು ಅಂಗಳದ ಒಲೆಯ ಮೇಲೆ. ಗೋಧಿ ಹಬ್ಬಕ್ಕೆ ಮಾತ್ರ, ಉಳಿದ ದಿನ ಜೋಳದ ರೊಟ್ಟಿ. ಆರನೆಯ ಇಯತ್ತೆಯ ಮಗಳ ಶಾಲೆಯ ವ್ಯಾನು ಬಿಡಿಸಿ ಹಳೆಯ ಸೈಕಲ್ಲು ಕೊಡಿಸಿದೆ. ಮಗಳು ಎರಡು ದಿನ ಮಾತು ಬಿಟ್ಟಳು. ಹೆಂಡತಿ ಮಾತ್ರ ಎಲ್ಲಕ್ಕೂ “ಆಯ್ತ್ರಿ” ಎಂದಳು. ಒಂದು ಸಲವೂ ಯಾಕೆ ಎನ್ನಲಿಲ್ಲ. ಇಷ್ಟು ಸುಲಭವಾಗಿ ಒಪ್ಪಿದವಳು ಒಳಗೆ ಏನೋ ಇಟ್ಟುಕೊಂಡಿದ್ದಾಳೆ ಎಂದು ನನಗೆ ಅನ್ನಿಸತೊಡಗಿದ್ದು ಆ “ಆಯ್ತ್ರಿ”ಯಿಂದಲೇ.

ಉಳಿತಾಯ ಮಾಡುವವನಿಗೆ ಎಲ್ಲರೂ ಕಳ್ಳರಂತೆ ಕಾಣುತ್ತಾರೆ. ಹಾಲಿನವನು ನೀರು ಬೆರೆಸುತ್ತಾನೆ, ಕಿರಾಣಿಯವನು ತಕ್ಕಡಿ ಒತ್ತುತ್ತಾನೆ, ಶಾಲೆಯಲ್ಲಿ ಯಾರಾದರೂ ನಕ್ಕು ಮಾತಾಡಿದರೆ ಕೈಗಡ ಕೇಳಲಿಕ್ಕೇ ಎಂದು ನಂಬಿದ್ದೆ. ಆ ಸಂಶಯ ನಿಧಾನಕ್ಕೆ ಮನೆಯೊಳಗೂ ಬಂತು. ಸರಕಾರದಿಂದ ಮನೆಯೊಡತಿಗೆಂದು ತಿಂಗಳಿಗೆ ಎರಡು ಸಾವಿರ ಅವಳ ಖಾತೆಗೆ ಬರತೊಡಗಿದಾಗ, ಅದೊಂದನ್ನು ನನಗೆ ಬಿಡಿ ಎಂದು ಕೇಳಿದಳು. ಬಿಟ್ಟೆ. ಆದರೆ ಆ ದುಡ್ಡಿನಲ್ಲಿ ಒಂದು ಸೀರೆ ಬರಲಿಲ್ಲ, ಒಂದು ಪಾತ್ರೆ ಬರಲಿಲ್ಲ. ಕೇಳಿದರೆ ಅಕ್ಕನ ಔಷಧಕ್ಕೆ ಎಂದಳು.

ಅವಳ ತವರು ಠಾಣಾ ಕುಶನೂರು. ತಂದೆತಾಯಿ ಇಲ್ಲ, ಗಂಡನನ್ನು ಕಳೆದುಕೊಂಡ ಅಕ್ಕ ಮೂರು ಎಕರೆ ಹೊಲ ನೋಡಿಕೊಂಡು ಅಲ್ಲೇ ಇದ್ದಾಳೆ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಹೆಂಡತಿ ಎರಡು ವಾರಕ್ಕೊಮ್ಮೆ ಅಲ್ಲಿಗೆ ಹೋಗತೊಡಗಿದಳು. ಅಕ್ಕನ ಮೊಣಕಾಲು ಹಿಡಿದುಕೊಂಡಿದೆ, ನೀರು ತುಂಬಿಕೊಡಬೇಕು ಎನ್ನುತ್ತಿದ್ದಳು. ದುಡ್ಡು ಹೋಗದ ಪ್ರಯಾಣಕ್ಕೆ ನಾನು ಯಾವ ನಿಯಮದ ಮೇಲೆ ತಡೆ ಹಾಕಲಿ?

ನಂತರ ಒಂದೊಂದಾಗಿ ಕಂಡವು. ಪಕ್ಕದ ಮನೆಯಲ್ಲಿ ಹೊಲಿಗೆ ಮಾಡುವ ಒಬ್ಬ ಮುಸ್ಲಿಂ ಹೆಂಗಸು ಇದ್ದಾಳೆ. ಹೆಂಡತಿ ಅವಳನ್ನು ಆಪಾ ಎನ್ನುತ್ತಾಳೆ. ಆಪಾ ಒಂದು ಸಂಜೆ ಗೋಡೆಯ ಮೇಲಿಂದ ಮಡಚಿದ ನೋಟುಗಳನ್ನು ಇವಳ ಕೈಗೆ ಕೊಟ್ಟಳು. ನಾನು ಅಂಗಳಕ್ಕೆ ಬಂದಕೂಡಲೇ ಇಬ್ಬರೂ ಬಿಸಿಲಿನ ಮಾತು ತೆಗೆದರು. ಇನ್ನೊಂದು ದಿನ ಅಡುಗೆಮನೆಯಲ್ಲಿ ಹೆಂಡತಿ ಫೋನಿನಲ್ಲಿ ಮರಾಠಿ ಮಾತಾಡುತ್ತಿದ್ದಳು. “ಉದ್ಯಾ ಯೇತೆ, ಕುಣಾಲಾ ಸಾಂಗೂ ನಕಾ.” ನಾಳೆ ಬರುತ್ತೇನೆ, ಯಾರಿಗೂ ಹೇಳಬೇಡಿ. ಅಷ್ಟು ಮರಾಠಿ ನನಗೂ ಬರುತ್ತದೆ. ಆ ಕಡೆಯಿಂದ ಕೇಳಿದ್ದು ಗಂಡಸಿನ ದನಿ.

ಅದರ ಮರುದಿನ ಸಂಜೆ ಅವಳ ಕೈಚೀಲದಲ್ಲಿ ಬಸ್ಸಿನ ಸೊನ್ನೆ ಟಿಕೆಟ್ಟುಗಳನ್ನು ಕಂಡೆ. ಉಚಿತವಾದರೂ ಟಿಕೆಟ್ಟಿನಲ್ಲಿ ಎಲ್ಲಿಂದ ಎಲ್ಲಿಗೆ ಎಂಬುದು ಇರುತ್ತದಲ್ಲ. ಬೀದರ–ಔರಾದ. ಔರಾದ–ಠಾಣಾ ಕುಶನೂರ. ಮೂರನೆಯದು ಠಾಣಾ ಕುಶನೂರ–ಕಮಲನಗರ. ಕಮಲನಗರದಲ್ಲಿ ನಮಗೆ ಯಾರೂ ಇಲ್ಲ.

ಎರಡು ವಾರ ಏನೂ ಕೇಳಲಿಲ್ಲ. ಕೇಳಿದರೆ ಎಚ್ಚೆತ್ತುಕೊಳ್ಳುತ್ತಾಳೆ ಎಂದು ಸುಮ್ಮನಿದ್ದೆ. ಊಟ ಬಡಿಸುವ ಅವಳ ಕೈ ನೋಡುತ್ತಿದ್ದೆ. ಬೆರಳುಗಳ ಚರ್ಮ ಒಡೆದಿತ್ತು, ಸೀರೆಗೆ ಹೊಟ್ಟಿನ ವಾಸನೆ. ಬಂದ ಭಾನುವಾರ ಅವಳು ಹೋದ ಒಂದು ತಾಸಿಗೆ ಮಗಳನ್ನು ಆಪಾನ ಮನೆಯಲ್ಲಿ ಬಿಟ್ಟು ನಾನೂ ಬಸ್ಸು ಹತ್ತಿದೆ. ಅವಳು ಪುಕ್ಕಟೆ ಹೋದ ದಾರಿಗೆ ನಾನು ಪೂರಾ ದುಡ್ಡು ಕೊಡಬೇಕಾಯಿತಲ್ಲ ಎಂದು ಅಂಥ ಹೊತ್ತಿನಲ್ಲೂ ಹೊಟ್ಟೆ ಉರಿಯಿತು.

ಕುಶನೂರಿನಲ್ಲಿ ಅವಳ ಅಕ್ಕ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಚಟ್ಟನೆ ಎದ್ದು ನಿಂತಳು. ಆ ಮೊಣಕಾಲುಗಳಿಗೆ ಯಾವ ರೋಗವೂ ಇರಲಿಲ್ಲ. ನೀರು ಕೊಟ್ಟಳು, ಕೂಡ್ರಿ ಎನ್ನಲಿಲ್ಲ. ತಂಬಿಗೆ ಮರಳಿ ತೆಗೆದುಕೊಳ್ಳುತ್ತ ಕೇಳಿದಳು.

“ಮಾಸ್ತರ್ರು ರೊಕ್ಕ ಕೇಳಲಾಕ ಬಂದೀರೇನ್ರಿ?”

ಯಾವ ರೊಕ್ಕ ಎಂದು ನಾನು ಕೇಳಿದ ಮೇಲೆ ಅವಳಿಗೆ ತಿಳಿಯಿತು, ನನಗೆ ಏನೂ ಗೊತ್ತಿಲ್ಲವೆಂದು. ತಂಗಿ ಕಮಲನಗರದ ದಾಲ್ ಮಿಲ್ಲಿನಲ್ಲಿದ್ದಾಳೆ, ಹೋಗಿ ಅವಳನ್ನೇ ಕೇಳಿ ಎಂದು ಮತ್ತೆ ಮೊರ ಹಿಡಿದಳು.

ಮಿಲ್ಲು ಸಿಗುವುದು ಕಷ್ಟವಾಗಲಿಲ್ಲ. ತಗಡಿನ ಶೆಡ್ಡಿನ ಬಾಗಿಲಲ್ಲೇ ನಿಂತೆ. ಒಳಗೆ ದೂಳು ಮಂಜಿನ ಹಾಗೆ ತುಂಬಿತ್ತು. ಬಾಯಿಗೆ ಸೆರಗು ಕಟ್ಟಿಕೊಂಡ ನನ್ನ ಹೆಂಡತಿ ಒಂದು ಚೀಲದ ಬಾಯಿ ಬಿಚ್ಚಿ, ಬೇಳೆಯ ಕಾಳೊಂದನ್ನು ಹಲ್ಲಿನಲ್ಲಿ ಕಡಿದು ನೋಡಿ, ಇದು ಇನ್ನೂ ಹಸಿ ಇದೆ ಎಂದು ಮಿಲ್ಲಿನವನಿಗೆ ಮರಾಠಿಯಲ್ಲಿ ಗದರುತ್ತಿದ್ದಳು. ಅವನಿಗೆ ಎಪ್ಪತ್ತು ದಾಟಿರಬೇಕು, ಕಿವಿಗೆ ಯಂತ್ರ ಹಾಕಿಕೊಂಡಿದ್ದ. ಅವನು ಬಾಯಿ ತೆರೆದೊಡನೆ ಗೊತ್ತಾಯಿತು, ನಾನು ಫೋನಿನಲ್ಲಿ ಕೇಳಿದ್ದ ದನಿ ಅವನದೇ. ಅವಳು ಯಾರನ್ನಾದರೂ ಗದರಬಲ್ಲಳು ಎಂಬುದೇ ಹದಿನೈದು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ.

ನನ್ನನ್ನು ನೋಡಿ ಅವಳು ಬೆಚ್ಚಲಿಲ್ಲ. “ಮಗಳ್ನ ಎಲ್ಲಿ ಬಿಟ್ಟು ಬಂದ್ರಿ?” ಎಂದಳು.

ಆಪಾನ ಮನೆಯಲ್ಲಿ ಎಂದೆ. ತಲೆಯಾಡಿಸಿ ಚೀಲದ ಬಾಯಿ ಹೊಲಿಯಲು ಕೂತಳು. ಮುಗಿಯುವವರೆಗೆ ನಾನು ಕಾದೆ. ಒಂದು ಚೀಲ ಟಂಟಂ ಗಾಡಿಗೆ ಹೇರಲು ನನ್ನ ಕೈ ಬೇಕಾಯಿತು, ಹಿಡಿದೆ.

ಮರಳಿ ಬರುವಾಗ ಬಸ್ಸಿನಲ್ಲಿ ಎಲ್ಲ ಹೇಳಿದಳು. ಅಕ್ಕ ಮೊದಲು ತೊಗರಿಯನ್ನು ರಾಶಿಯಾದ ಕೂಡಲೇ ಅಡತಿಯ ದಲಾಲಿಗೆ ಅವನು ಹೇಳಿದ ದರಕ್ಕೆ ಹಾಕುತ್ತಿದ್ದಳಂತೆ. ಈಗ ಇಬ್ಬರೂ ಸೇರಿ ಅದನ್ನು ಇಟ್ಟುಕೊಂಡು, ಸರಕಾರದ ಆ ಎರಡು ಸಾವಿರ ಕೂಡಿಸಿ ಕೂಡಿಸಿ ನೆರೆಯವರ ನಾಲ್ಕು ಚೀಲವನ್ನೂ ಕೊಂಡು, ಬೇಳೆ ಒಡೆಸಿ ಬೀದರಿನಲ್ಲಿ ಮಾರುತ್ತಿದ್ದರು. ಚೀಲಗಳು ಇಳಿಯುತ್ತಿದ್ದುದು ಆಪಾನ ಹೊಲಿಗೆ ಕೋಣೆಯಲ್ಲಿ. ಬ್ಲೌಸು ಹೊಲಿಸಲು ಬಂದವರು ಬೇಳೆ ಒಯ್ಯುತ್ತಿದ್ದರು.

“ನನಗ್ಯಾಕ ಹೇಳಲಿಲ್ಲ?” ಎಂದೆ.

“ಹೇಳಿದ್ರ ಏನ್ ಮಾಡತಿದ್ರಿ?”

ಉತ್ತರವನ್ನೂ ಅವಳೇ ಕೊಟ್ಟಳು.

“ಅದನ್ನೂ ಒಯ್ದು ಎಲ್ಯಾರ ಹಾಕತಿದ್ರಿ. ನನ್ನ ಪಾಟ್ಲಿ ಹಾಕಿದಂಗ.”

ಇದನ್ನು ನಾನು ಮೊದಲೇ ಹೇಳಬೇಕಿತ್ತು. ಹೇಳಿಕೊಳ್ಳಲು ನಾಚಿಕೆ. ಮದುವೆಯಾದ ಮೂರನೆಯ ವರ್ಷ, ತವರಿನವರು ಹಾಕಿದ್ದ ಅವಳ ಎರಡು ಬಂಗಾರದ ಪಾಟ್ಲಿ ಬಳೆಗಳನ್ನು ಮಾರಿ, ಐದು ವರ್ಷಕ್ಕೆ ದುಪ್ಪಟ್ಟು ಕೊಡುತ್ತೇವೆಂದ ಒಂದು ಕಂಪನಿಗೆ ಹಾಕಿದ್ದೆ. ಅವಳನ್ನು ಕೇಳಿರಲಿಲ್ಲ, ಬರೀ ತಿಳಿಸಿದ್ದೆ. ಆಗಲೂ ಅವಳು “ಆಯ್ತ್ರಿ” ಎಂದಿದ್ದಳು. ಎರಡು ವರ್ಷಕ್ಕೆ ಆ ಕಂಪನಿಯ ಬಾಗಿಲಿಗೆ ಬೀಗ ಬಿತ್ತು. ಆಮೇಲೆ ಅವಳು ಒಂದು ದಿನವೂ ಅದರ ಮಾತು ಎತ್ತಲಿಲ್ಲ. ಮರೆತಿದ್ದಾಳೆ ಎಂದು ನಾನು ತಿಳಿದಿದ್ದೆ. ಯಾರಿಗೂ ಹೇಳಬೇಡಿ ಎಂದು ಅವಳು ಮಿಲ್ಲಿನವನಿಗೆ ಹೇಳಿದ್ದು ನನ್ನ ಕಿವಿಗೆ ಬೀಳಬಾರದೆಂದೇ. ಇಷ್ಟು ದಿನ ಅವಳ ಮೇಲೆ ಕಣ್ಣಿಟ್ಟವನು ನಾನೊಬ್ಬನೇ ಎಂದುಕೊಂಡಿದ್ದೆ. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಅವಳೂ ನನ್ನ ಮೇಲೆ ಕಣ್ಣಿಟ್ಟಿದ್ದಳು, ಅದೂ ನನಗಿಂತ ಗಟ್ಟಿ ಕಾರಣದಿಂದ.

ಬಸ್ಸು ಭಾಲ್ಕಿಯ ಆಚೆ ಹಲಬರ್ಗಾ ದಾಟುವಾಗ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಬೇರೆ ಗಂಡಸು ಇದ್ದಿದ್ದರೆ ನಾನು ಸಿಟ್ಟಾದರೂ ಆಗಬಹುದಿತ್ತು.

ಬೇಸಿಗೆ ರಜೆಗೆ ಮೊದಲು ಶಾಲೆಯವರು ಮಕ್ಕಳು ಕಡಿಮೆಯಾಗಿದ್ದಾರೆ ಎಂದು ಮೂವರನ್ನು ಬಿಡಿಸಿದರು. ಅದರಲ್ಲಿ ನಾನೊಬ್ಬ. ನನ್ನ ಉಳಿತಾಯ ಎಷ್ಟು ತಿಂಗಳು ಬರುತ್ತದೆಂದು ಕೂಡಿ ಕಳೆದು ನೋಡಿದರೆ ಒಂದು ವರ್ಷವೂ ದಾಟುತ್ತಿರಲಿಲ್ಲ. ಅವಳಿಗೆ ಹೇಳಲು ನಾಲ್ಕು ದಿನ ತಡಮಾಡಿದೆ. ಬೆಳಿಗ್ಗೆ ಡಬ್ಬಿ ಹಿಡಿದು ಹೊರಟು ಕೋಟೆಯ ಕಡೆ ಕೂತು ಬರುತ್ತಿದ್ದೆ. ಐದನೆಯ ದಿನ ಅವಳು ಡಬ್ಬಿ ಕಟ್ಟಲಿಲ್ಲ. ಬೀದರಿನಲ್ಲೇ ಮನೆ ಇರುವ ಶಾಲೆಯ ಜವಾನನ ಹೆಂಡತಿ ಆಪಾನ ಹತ್ತಿರ ಬೇಳೆ ಒಯ್ಯುವವಳಂತೆ. ಕೆಲಸ ಹೋದದ್ದನ್ನೂ ನಾನು ಕೋಟೆಯ ಕಡೆ ಕೂತದ್ದನ್ನೂ ಅವಳೇ ಹೇಳಿದ್ದಳು.

“ಕೋಟಿ ಹಂತ್ಯಾಕ ಬಿಸಲ ಹೆಚ್ಚರಿ. ಗಾಡಿ ತಗೊಂಡು ಮನಿ ಮನಿಗಿ ಬ್ಯಾಳಿ ಮುಟ್ಟಸ್ತೀರೇನ್ರಿ?” ಎಂದಳು.

“ಆಯ್ತು” ಎಂದೆ.

ನಾನು ಸೇರಿದ ಮೇಲೆ ಇದು ಎರಡನೆಯ ಸುಗ್ಗಿ. ಬೆಳಿಗ್ಗೆ ಸಂಜೆ ಹುಡುಗರಿಗೆ ಪಾಠ ಹೇಳುತ್ತೇನೆ, ನಡುವೆ ಸ್ಕೂಟರಿನ ಮೇಲೆ ಬೇಳೆ ಹಾಕಿ ಬರುತ್ತೇನೆ. ಬಂದ ದುಡ್ಡು ಅವಳ ಕೈಗೆ ಹೋಗುತ್ತದೆ. ತಿಂಗಳಿಗೊಮ್ಮೆ ನನ್ನ ಪಾಲು ಕೊಡುತ್ತಾಳೆ, ಪೆಟ್ರೋಲಿಗೆ ಬೇರೆ. ಮಗಳಿಗೆ ಮತ್ತೆ ವ್ಯಾನು ಹಚ್ಚಿದ್ದಾಳೆ, ನನ್ನನ್ನು ಕೇಳದೆ. ಕೈಚೀಲ ಮಾತ್ರ ಈಗ ಮೊಳೆಗೆ ತೂಗುಹಾಕುವುದಿಲ್ಲ, ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಾಳೆ. ಬೀಗದ ಸದ್ದು ಕೇಳಿದಾಗಲೆಲ್ಲ ಒಳಗೆ ಎಷ್ಟಿರಬಹುದು ಎಂಬ ಹಳೆಯ ತುರಿಕೆ ಏಳುತ್ತದೆ.

ಮೊನ್ನೆ ಊಟಕ್ಕೆ ಕೂತಾಗ ಸಹಜವಾಗಿ ಕೇಳುವವನಂತೆ ಕೇಳಿಯೂ ಬಿಟ್ಟೆ, ಈ ವರ್ಷ ಒಟ್ಟು ಎಷ್ಟು ಉಳಿಯಿತು ಎಂದು. ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

“ಅಕ್ಕನ ಕೇಳಿ ಹೇಳ್ತೇನಿ” ಎಂದಳು.