ನಡುವೆ ಮಾಂಜ್ರಾ ಇತ್ತು

ಹೋದ ವಾರ ಬೀದರ ಪಕ್ಕದ ಕೊಳಾರದ ನಮ್ಮ ಗೋದಾಮಿನ ಕಚೇರಿಯಲ್ಲಿ ಯುಪಿಎಸ್ ಕಾದು ಸುಟ್ಟ ಧೂಳಿನ ವಾಸನೆ ಬಂತು. ಎಲ್ಲರೂ ಕಿಟಕಿ ತೆರೆಯಲು ಎದ್ದರು. ನಾನು ಕೂತೇ ಇದ್ದೆ... ಬೀದರಿನಲ್ಲಿ ನಾನು ಓದಿದ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲೂ ಇದೇ ವಾಸನೆ ಇರುತ್ತಿತ್ತು. ಅಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವರು ನಮ್ಮ ಮೇಡಂ.

ಅವರು ಅತಿಥಿ ಉಪನ್ಯಾಸಕಿ, ಹಳ್ಳಿಯ ನರ್ಸೊಬ್ಬರ ಮಗಳು. ನಕ್ಷೆಯ ಊರುಗಳನ್ನು ಬಿಂದುಗಳಾಗಿ ಸಾಫ್ಟ್‌ವೇರಿಗೆ ಕೊಟ್ಟು, ಪ್ರತಿ ಬಿಂದುವಿಗೆ ಅತಿ ಹತ್ತಿರದ ಬಿಂದು ಯಾವುದು, ಎಷ್ಟು ದೂರ ಎಂದು ತೆಗೆಯುವುದನ್ನು ಕಲಿಸುತ್ತಿದ್ದರು. ಮೊದಲ ಸಲ ನನಗೆ ಎಲ್ಲ ಉತ್ತರವೂ ಸೊನ್ನೆ ಬಂತು. ಮೇಡಂ ನಕ್ಕುಬಿಟ್ಟರು. “ಎಲ್ಲಾರಿಗೂ ತಮಗ ತಾವೇ ಹತ್ತಿರ ಇರ್ತಾರವ್ವ. ತನ್ನನ್ನ ತಾ ಬಿಟ್ಟು ಎಣಿಸು ಅಂತ ಹೇಳು ಅದಕ್ಕ.”

ಆ ವರ್ಷವೇ ಭಾಲ್ಕಿ, ಔರಾದ ನಡುವಿನ ಒಂದು ಹಳ್ಳಿಯ ಹೆರಿಗೆ ಕೇಂದ್ರ ಮುಚ್ಚುವ ಮಾತು ಎದ್ದಿತು. ಹತ್ತಿರದಲ್ಲೇ ಇನ್ನೊಂದು ಕೇಂದ್ರವಿದೆ ಎಂದು ವರದಿ ಹೇಳಿತ್ತು. ಮೇಡಂ ಆ ದೂರವನ್ನು ನಮ್ಮಿಂದಲೂ ಲೆಕ್ಕ ಹಾಕಿಸಿದರು. ಅದೇ ಉತ್ತರ ಬಂತು. ಆಮೇಲೆ ನಮ್ಮನ್ನು ಬಸ್ಸು ಹತ್ತಿಸಿ ಆ ಹಳ್ಳಿಗೇ ಕರೆದೊಯ್ದರು. ಎರಡು ಕೇಂದ್ರಗಳ ನಡುವೆ ಮಾಂಜ್ರಾ ತುಂಬಿ ಹರಿಯುತ್ತಿತ್ತು... ಅಲ್ಲಿ ಸೇತುವೆ ಇರಲಿಲ್ಲ. ಸುತ್ತು ಹಾಕಿ ಆಚೆ ದಡ ಮುಟ್ಟುವಷ್ಟರಲ್ಲಿ ನಾವೇ ಸೋತು ಹೋಗಿದ್ದೆವು. ವಾಪಸು ಬಂದವರೇ ಮೇಡಂ ರಸ್ತೆಯ ದೂರ ಹಾಕಿ ಮತ್ತೆ ಲೆಕ್ಕ ಮಾಡಿಸಿದರು.

ಕೇಂದ್ರದ ಬಗ್ಗೆ ಕರೆದ ಸಭೆಯಲ್ಲಿ ಆ ಲೆಕ್ಕ ನೋಡಿ ಆರೋಗ್ಯ ಇಲಾಖೆಯ ಸಾಹೇಬರೊಬ್ಬರು, “ಕಂಪ್ಯೂಟರ್ ಸುಳ್ಳು ಹೇಳ್ತದೇನ್ರಿ?” ಎಂದರು.

ಮೇಡಂ ಎದ್ದು ನಿಂತರು. “ಅದು ಸುಳ್ಳು ಹೇಳಿಲ್ರಿ. ಹಕ್ಕಿ ಹ್ಯಾಂಗ ಹೋಗ್ತದ ಅಂತ ನೀವು ಕೇಳೀರಿ, ಹೇಳ್ಯದ. ಬಸುರಿ ಹೆಣ್ಮಗಳು ಹ್ಯಾಂಗ ಹೋಗ್ತಾಳ ಅಂತ ಕೇಳ್ರಿ.”

ಕೂತುಕೊಳ್ಳಿ ಎಂದು ಸಾಹೇಬರು ಗದರಿದರು. ಮೇಡಂ ಕೂರಲಿಲ್ಲ. ಹಿಂದೆ ಕೂತಿದ್ದ ಊರ ಹೆಂಗಸರೂ ಒಬ್ಬೊಬ್ಬರಾಗಿ ಎದ್ದರು.

ಕೇಂದ್ರ ಉಳಿಯಿತು. ಮರುವರ್ಷ ಕಾಲೇಜು ಮೇಡಂ ಅವರನ್ನು ಕರೆಯಲಿಲ್ಲ. ಸಾಹೇಬರ ಕ್ಷಮೆ ಕೇಳಿದರೆ ನೋಡೋಣ ಎಂದರಂತೆ. “ಏನು ತಪ್ಪ ಮಾಡೀನ್ರಿ?” ಎಂದಷ್ಟೇ ಕೇಳಿ ಇವರು ಹೊರಬಂದರಂತೆ. ಆಮೇಲೆ ಮನೆಯ ಪಡಸಾಲೆಯಲ್ಲೇ ನಮಗೆ ಪಾಠ ಮುಗಿಸಿಕೊಟ್ಟರು.

ಮೇಡಂ ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ಈಗ ಅದೇ ಕಾಲೇಜು ಗೋಡೆಗೆ ಅವರ ಫೋಟೋ ಹಾಕುತ್ತದಂತೆ. ಎರಡು ಮಾತಾಡಲು ಬನ್ನಿ ಎಂದು ನಿನ್ನೆ ನನಗೆ ಫೋನು ಬಂತು. “ಅವರನ್ನ ಯಾಕ ಬಿಡಿಸಿದ್ರಿ ಅನ್ನೋದೂ ಹೇಳ್ತೇನಿ. ನಡೀತದೇನ್ರಿ?” ಎಂದೆ. ವಿಚಾರಿಸಿ ತಿಳಿಸುತ್ತೇವೆ ಎಂದು ಫೋನಿಟ್ಟರು.

ತಿಳಿಸಲಿ, ಬಿಡಲಿ, ನಾನು ಹೋಗುತ್ತೇನೆ. ಹೇಳುವುದನ್ನು ಹೇಳಿಯೇ ಬರುತ್ತೇನೆ. ಅದನ್ನು ಕೇಳಬೇಕಿದ್ದ ಮೇಡಂ ಮಾತ್ರ ಇಲ್ಲ...